ಮಾರ್ತಜ್ಜಿಯ ಸಾಕ್ಷಿ

"ಎಲ್ಲಿ, ಕೈ ಕೊಡಮ್ಮಿ ಇತ್ತ."

ಮಣಿ ಎರಡೂ ಕೈ ಚಾಚಿದಳು. ಮಾರ್ತಜ್ಜಿ ಅವಳ ಅಂಗೈಗಳನ್ನು ಸವರಿದರು. ಬೆರಳು ಒಂದೊಂದಾಗಿ ಬಿಡಿಸಿದರು. ಆಮೇಲೆ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿಯೂ ನೋಡಿದರು.

"ಕೈ ತೊಳ್ಕೊಂಡೇ ಬಂದಿದ್ದೀನಿ ಅಜ್ಜಿ," ಎಂದಳು ಮಣಿ.

"ತೊಳ್ದಿದ್ದೀಯ, ತೊಳ್ದಿದ್ದೀಯ. ವೇದ ಮುಟ್ಟೋ ಕೈ ನೋಡು, ಅದ್ಕೇ ನೋಡ್ದೆ."

ಇಷ್ಟು ದಿನ ಇಲ್ಲದ್ದು ಇವತ್ತೇನು? ಮಣಿ ವೇದ ಬಿಡಿಸಿ ನಿನ್ನೆ ನಿಲ್ಲಿಸಿದ ಜಾಗ ಹುಡುಕಿದಳು. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ದಪ್ಪಕ್ಷರದ ಆ ಸತ್ಯವೇದ, ಅವರ ಬೈಬಲ್ಲು, ಈಗ ಅವರಿಗೆ ಬರೀ ಮಬ್ಬು ಬಿಳಿ ಹಾಳೆ. ಅದಕ್ಕೇ ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಮಣಿ ಬಂದು ಒಂದು ಅಧ್ಯಾಯ ಓದಿ ಹೋಗಬೇಕು. ಈ ಕೆಲಸ ಕೊಟ್ಟವರು ಉಪದೇಶಿ ಆಶೀರ್ವಾದಪ್ಪನವರು. ಪಾದ್ರಿಗಳಾದ ದೊಡ್ಡ ಅಯ್ಯನವರು ಚಾಮರಾಜನಗರದಿಂದ ಬಸ್ಸಿನಲ್ಲಿ ಬರುವುದು ಅಪರೂಪ. ಮಿಕ್ಕ ಭಾನುವಾರಗಳಲ್ಲಿ ಗುಂಡ್ಲುಪೇಟೆಯ ಹೆಂಚಿನ ಚರ್ಚಿನಲ್ಲಿ ಆರಾಧನೆ ನಡೆಸುವವರು ಉಪದೇಶಿಗಳೇ.

"ಸಭೆಗೆ ಸೇರಿದ ಮೇಲೆ ಕೈ ಕಟ್ಕೊಂಡು ಕೂರೋ ಹಾಗಿಲ್ಲ," ಎಂದಿದ್ದರು ಅವರು. "ದೊಡ್ಡೋರಾಗ್ಲಿ, ಚಿಕ್ಕೋರಾಗ್ಲಿ, ಒಬ್ಬೊಬ್ಬರಿಗೂ ಒಂದೊಂದು ಕೆಲಸ."

ಗುಂಡ್ಲುಪೇಟೆಯ ಸಭೆ ಎಂದರೆ ಚರ್ಚಿಗೆ ಸೇರಿದ ಬೆರಳೆಣಿಕೆಯ ಮನೆಗಳು. ಅದರಲ್ಲಿ ಮಣಿಯ ಮನೆ ತೀರಾ ಹೊಸತು.

ಓದು ಮುಗಿಯುವ ಹೊತ್ತಿಗೆ ಅಜ್ಜಿ ಮೆಲ್ಲಗೆ ಕೇಳಿದರು. "ಮಣೀ, ನಮ್ಮನೇಲಿ ಒಂದು ಸಾಮಾನು ಕಂಡ್ಯಾ?"

"ಯಾವ ಸಾಮಾನು ಅಜ್ಜಿ?"

"ಒಂದು ಸಣ್ಣ ಸಾಮಾನು."

"ಅದೇ, ಏನು ಸಾಮಾನು?"

"ಕಂಡಿದ್ರೆ ನಿಂಗೇ ಗೊತ್ತಾಗೋದು. ಓಗ್ಲಿ ಬುಡು. ಇತ್ಲಿಗೆ ಓಗಿ ನೀರು ಕುಡ್ಕೊಂಡು ಬಾ, ಗಂಟ್ಲು ಒಣಗಿರ್ತದ."

ಮಣಿ ಹಿತ್ತಿಲಿಗೆ ಹೋಗಿ ನೀರು ಕುಡಿದು ಬಂದಳು. ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಅವಳ ಕೈ ನಿಂತಿತು. ಚೀಲದ ಬಾಯಿಯ ದಾರವನ್ನು ಅವಳು ಜಡೆಯ ಟೇಪಿನಂತೆ ಬೋ ಹಾಕಿ ಕಟ್ಟಿದ್ದಳು. ಈಗ ಅಲ್ಲಿ ಒಂದು ಕಗ್ಗಂಟು ಬಿದ್ದಿತ್ತು.

ಅಜ್ಜಿ ಏನೂ ಗೊತ್ತಿಲ್ಲದವರಂತೆ ಗೋಡೆಗೆ ಒರಗಿ ಕುಳಿತಿದ್ದರು.

ದಾರಿಯುದ್ದಕ್ಕೂ ಮಣಿ ಆ ಕಗ್ಗಂಟನ್ನೇ ಸವರುತ್ತ ನಡೆದಳು. ಅಜ್ಜಿ ತನ್ನ ಚೀಲ ತಡಕಿದ್ದಾರೆ! ಅಂದರೆ ತನ್ನನ್ನು ಕಳ್ಳಿ ಅಂದುಕೊಂಡಿದ್ದಾರೆ. ಕಳೆದುಹೋದದ್ದು ಏನು ಅಂತಲೂ ಬಾಯಿ ಬಿಡುವುದಿಲ್ಲವಲ್ಲ! ಹೆಸರಿಲ್ಲದ ಸಾಮಾನನ್ನು 'ನಾನು ಕದ್ದಿಲ್ಲ' ಎಂದು ಹೇಳುವುದಾದರೂ ಹೇಗೆ?

ಮನೆಯಲ್ಲಿ ಹೇಳೋಣವೆಂದರೆ ಅವ್ವನ ಮುಖ ಕಣ್ಣ ಮುಂದೆ ಬಂತು. ಹೋದ ವರ್ಷ ಅವರು ಉಡಿಗಾಲದ ಆಚೆಯ ಒಂದು ಹಳ್ಳಿಯಲ್ಲಿದ್ದರು. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ ಮನೆಯಲ್ಲಿ ಒಂದು ಹಿತ್ತಾಳೆ ಕೊಳಗ ಕಾಣೆಯಾಯಿತು. ಅರಳೀಕಟ್ಟೆಯಲ್ಲಿ ಸಭೆ ಸೇರಿತು. ಒಬ್ಬ ಎದ್ದು ನಿಂತು, "ಇವ್ನೇ ಹೊತ್ಕೊಂಡ್ ಹೋಗಿದ್ದನ್ನ ನಾ ಕಂಡೆ," ಎಂದು ಸಾಕ್ಷಿ ಹೇಳಿದ. ಅಪ್ಪನ ಪಕ್ಕ ಕುಳಿತಿದ್ದವರು ಒಬ್ಬೊಬ್ಬರಾಗಿ ಎದ್ದು ಆಚೆ ಸರಿದರು. ಆಮೇಲೆ ಆ ಕೊಳಗ ಆ ಮನೆಯವರದೇ ಬಾವಿಯ ತಳದಲ್ಲಿ ಸಿಕ್ಕಿತಂತೆ. ಆದರೆ ಸಾಕ್ಷಿ ಹೇಳಿದವನು ಬಂದು, 'ನಾನು ಹೇಳಿದ್ದು ತಪ್ಪು' ಅನ್ನಲಿಲ್ಲ. ಅಷ್ಟರಲ್ಲಿ ಇವರು ಗಂಟುಮೂಟೆ ಕಟ್ಟಿ ಗುಂಡ್ಲುಪೇಟೆಗೆ ಬಂದಾಗಿತ್ತು.

"ಇಲ್ಲೂ ಯಾರಾದ್ರೂ ಒಂದು ಮಾತಂದ್ರೆ ನಾನಿರಾಕಿಲ್ಲ," ಎಂದು ಅವ್ವ ಬಂದ ದಿನವೇ ಹೇಳಿದ್ದಳು. "ಮೈಸೂರೋ, ಮತ್ತೊಂದೋ, ಕಣ್ಣಿಗೆ ಕಾಣ್ದಂಗೆ ಹೋಗ್ಬುಡೋದೇ."

ಮಣಿಗೆ ಮತ್ತೆ ಊರು ಬಿಡುವುದು ಬೇಡವಾಗಿತ್ತು. ಇಲ್ಲಿ ಸ್ಕೂಲಿತ್ತು, ಪಕ್ಕದಲ್ಲಿ ಕೂರುವ ಮೆಹರುನ್ನಿಸಾ ಇದ್ದಳು. ಭಾನುವಾರದ ಹಾಡುಗಳೂ ಅವಳಿಗೆ ಬಾಯಿಪಾಠ ಬರತೊಡಗಿದ್ದವು. ಅವಳು ಅವ್ವನಿಗೆ ಏನೂ ಹೇಳಲಿಲ್ಲ.

ಶುಕ್ರವಾರ ಸಂಜೆ ಅಜ್ಜಿಯ ಮನೆ ಬಾಗಿಲಿಗೆ ಬಂದಾಗ ಒಳಗಿನಿಂದ ಮಾತು ಕೇಳಿಸಿತು. ಮಣಿ ಜಗಲಿಯ ಕಂಬದ ಮರೆಗೆ ಸರಿದಳು.

"ಭಾನುವಾರ ಸಭೆ ಮುಂದ ನಾನು ಸಾಕ್ಷಿ ಏಳ್ಬೇಕು ಉಪದೇಸಿಗಳೇ."

"ಹೇಳಿ ಅಜ್ಜಿ. ಸುಗ್ಗಿ ಹಬ್ಬಕ್ಕೆ ಮುಂಚೆ ಸಾಕ್ಷಿ ಹೇಳೋದು ನಮ್ಮ ಸಭೇಲಿ ಇದ್ದದ್ದೇ ಅಲ್ವಾ? ಯಾರು ಬೇಡ ಅಂತಾರೆ?"

"ಆ ಮಣಿ ಇಸ್ಯಾನೂ ಬತ್ತದ. ಎಲ್ಲಾರೂ ಇರೋವಾಗ್ಲೇ ಏಳ್ಬೇಕು. ಒಟ್ಟೇಲಿಟ್ಕೊಂಡು ನಿದ್ದೇನೇ ಬತ್ತಿಲ್ಲ ನಂಗೆ."

ಮಣಿ ಅಲ್ಲಿ ನಿಲ್ಲಲಿಲ್ಲ. ಒಂದೇ ಉಸಿರಿಗೆ ಮನೆಗೆ ಓಡಿದಳು.

ಮರುದಿನ ಶನಿವಾರ, ಬೆಳಗಿನ ಸ್ಕೂಲು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ್ದೇ ತಡ, ಮಣಿ ಮೆಹರುನ್ನಿಸಾಳ ಕಿವಿಯಲ್ಲಿ ಎಲ್ಲವನ್ನೂ ಸುರಿದಳು.

"ಸಾಕ್ಷಿ ಅಂದ್ರಾ?" ಮೆಹರುನ್ನಿಸಾ ಕಣ್ಣರಳಿಸಿದಳು. "ಅಯ್ಯೋ, ಅದು ದೊಡ್ಡ ವಿಷ್ಯ ಕಣೇ. ನಮ್ಮ ಮಾಮೂ ಚಾಮರಾಜನಗರದ ಕೋರ್ಟಿಗೆ ಸಾಕ್ಷಿ ಹೇಳಕ್ಕೆ ಹೋಗಿದ್ರು. ಹೊಸ ಟೋಪಿ ಹಾಕ್ಕೊಂಡು! ಇವರು ಹಿಂಗಂದ್ರಂತೆ, ಆ ಕಳ್ಳನನ್ನ ಹಂಗೇ ಜೈಲಿಗೆ ಹಾಕ್ಬಿಟ್ರಂತೆ."

"ನನ್ನೂ ಹಾಕ್ತಾರಾ?"

"ಲಂಗ ಹಾಕ್ಕೊಂಡಿರೋರನ್ನ ಹಾಕಲ್ಲ ಅನ್ಸತ್ತೆ," ಎಂದಳು ಮೆಹರುನ್ನಿಸಾ ಗಂಭೀರವಾಗಿ. "ಆದ್ರೆ ನೀನು ಒಂದು ಕೆಲ್ಸ ಮಾಡು. ಅಜ್ಜಿ ಮೇಲೂ ಏನಾದ್ರೂ ಇಟ್ಕೋ. ಅವರು ಅಂದ್ರೆ ನೀನೂ ಅನ್ನು."

"ಏನು ಅನ್ಲಿ?"

"ಯೋಚ್ನೆ ಮಾಡು. ಎಲ್ಲರ ಹತ್ರಾನೂ ಒಂದೊಂದು ಇದ್ದೇ ಇರತ್ತೆ."

"ಯಾರದು ಅಲ್ಲಿ ಗುಸುಗುಸು?" ಎಂದರು ಮೇಷ್ಟ್ರು. ಇಬ್ಬರೂ ಸ್ಲೇಟಿನೊಳಗೆ ಮುಖ ಹುದುಗಿಸಿದರು.

ಮಣಿ ಯೋಚಿಸಿದಳು. ಯೋಚಿಸಿದ ಹಾಗೆಲ್ಲ ಸಿಕ್ಕಿತು. ಮಾರ್ತಜ್ಜಿ ಹೊಸ ವರ್ಷದ ದಿನ ಸಭೆಯ ಮುಂದೆ ನಿಂತು, 'ಇವತ್ತಿಂದ ನಾನು ನಶ್ಯ ಬುಟ್ಟೆ' ಎಂದಿದ್ದರಂತೆ. ಅದನ್ನು ಹೆಂಗಸರೆಲ್ಲ ಹೊಗಳುತ್ತಿದ್ದರು. ಆದರೆ ಓದುವಾಗ ಎಷ್ಟೋ ಸಲ ಅಜ್ಜಿ ಎದ್ದು ಅಡುಗೆ ಮೂಲೆಗೆ ಹೋಗುತ್ತಿದ್ದರು. ಆಮೇಲೆ ಆಕ್ಷೀ, ಆಕ್ಷೀ! "ಧೂಳು ಕಣಮ್ಮಿ," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಬರುತ್ತಿದ್ದರು. ಆ ಸೆರಗಿನ ತುದಿ ಕಂದು ಬಣ್ಣ. ಅದೆಂಥ ಧೂಳು?

ಸರಿ. ಅಜ್ಜಿ ಬಾಯಿ ಬಿಡಲಿ, ತಾನೂ ಬಿಡುತ್ತೇನೆ. ಅವತ್ತು ಸಂಜೆ ಹೊಟ್ಟೆನೋವೆಂದು ನೆಪ ಹೇಳಿ ಅವಳು ಓದಲು ಹೋಗಲಿಲ್ಲ.

ಭಾನುವಾರ ಬಂತು. ಚರ್ಚಿನಲ್ಲಿ ಚಾಪೆಯ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು ಕುಳಿತರು. ಅಪ್ಪ ಒಗೆದ ಶರ್ಟು ಹಾಕಿಕೊಂಡು ಬಂದಿದ್ದ. ಏನೂ ತಿಳಿಯದ ಅವ್ವ ಜೋರಾಗಿ ಹಾಡುತ್ತಿದ್ದಳು. ಅವಳನ್ನು ನೋಡಿ ಮಣಿಗೆ ಅಳು ಬಂದಹಾಗಾಯಿತು. ಇನ್ನೊಂದು ಗಳಿಗೆಗೆ ಈ ಹಾಡು ನಿಲ್ಲುತ್ತದೆ. ನಾಳೆ ಮತ್ತೆ ಗಂಟುಮೂಟೆ.

ಹಾಡು ಮುಗಿಯಿತು. ಉಪದೇಶಿಗಳು ಕನ್ನಡಕ ತೆಗೆದು, "ಯಾರಾದ್ರೂ ಸಾಕ್ಷಿ ಹೇಳೋರಿದ್ದೀರಾ?" ಎಂದರು.

ಮಾರ್ತಜ್ಜಿ ಕಂಬ ಹಿಡಿದುಕೊಂಡು ಎದ್ದು ನಿಂತರು.

ಮಣಿ ಅವ್ವನ ಸೆರಗು ಹಿಡಿದುಕೊಂಡಳು. ನಶ್ಯದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಸಭೆಗೆ ವಂದ್ನೆ," ಎಂದರು ಅಜ್ಜಿ. "ಒಸಾ ವರ್ಸದಲ್ಲಿ ನಶ್ಯ ಬುಟ್ಟೆ ಅಂತ ನಿಮ್ಮ ಮುಂದ ಏಳಿದ್ದೆ. ನೀವೆಲ್ಲ ಸ್ತೋತ್ರ ಅಂದ್ರಿ. ನಾನು ಬುಟ್ಟಿರ್ನಿಲ್ಲ."

ಮಣಿಯ ನಾಲಿಗೆಯ ತುದಿಯಲ್ಲಿದ್ದದ್ದನ್ನು ಅಜ್ಜಿಯೇ ಹೇಳಿಬಿಟ್ಟಿದ್ದರು!

"ನಮ್ಮ ಯಜಮಾನ್ರು ಕೊಡಿಸಿದ್ದ ಬೆಳ್ಳಿ ಡಬ್ಬಿ. ಅದ್ರಲ್ಲಿ ತುಂಬ್ಕೊಂಡು ಕದ್ದು ಏರಿಸ್ತಿದ್ದೆ. ಒಂದಿನ ಈ ಉಪದೇಸಿಗಳು ಬಾಗ್ಲಲ್ಲಿ 'ಅಜ್ಜೀ' ಅಂದ್ರು ನೋಡಿ, ಎದೆ ಧಸಕ್ ಅಂತು. ಕೈಗೆ ಸಿಕ್ಕಿದ ಮಡಕೆಗೆ ಡಬ್ಬಿ ತುರುಕಿದೆ. ಆಮೇಲೆ ಎಲ್ಲಿಟ್ಟೆ ಅನ್ನೋದೇ ಮರ್ತೋಯ್ತು. ಹುಡುಕ್ದೆ, ಹುಡುಕ್ದೆ, ಸಿಕ್ಕನಿಲ್ಲ. ಏನು ಕಳ್ದದ ಅಂತ ಯಾರ್ನೂ ಕೇಳಂಗಿಲ್ಲ. ಕೇಳುದ್ರೆ ನನ್ನ ಬಂಡವಾಳ ಬಯಲಾಯ್ತದಲ್ಲ!"

ಗಂಡಸರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು.

"ನಗಿ, ನಗಿ. ಮೊನ್ನೆ ಸುಗ್ಗಿ ಹಬ್ಬಕ್ಕೆ ಕಾಣಿಕೆ ಕಟ್ಟನ ಅಂತ ಇಡಿ ರಾಗಿ ಮಡಕೆ ಬಗ್ಗಿಸ್ದೆ. ರಾಗಿ ಜೊತೇಲಿ ಡಬ್ಬಿ ಉರುಳ್ಕೊಂಡು ಬಂತು. ನಶ್ಯಾನ ಬಚ್ಚಿಡಕ್ಕೆ ನಂಗೆ ದೇವರ ಮಡಕೇನೇ ಸಿಕ್ಕಿತ್ತು!"

ಈಗ ಎಲ್ಲರೂ ನಕ್ಕರು. ಅಡುಗೆಗೆ ಮುಂಚೆ ಒಂದೊಂದು ಹಿಡಿ ರಾಗಿಯನ್ನು ದೇವರಿಗೆಂದು ಎತ್ತಿಡುವ ಮಡಕೆ ಅಲ್ಲಿ ಕೂತಿದ್ದ ಎಲ್ಲರ ಮನೆಯಲ್ಲೂ ಇತ್ತು. ಅಜ್ಜಿ ಮಾತ್ರ ನಗಲಿಲ್ಲ.

"ಇಷ್ಟೇ ಆಗಿದ್ರೆ ಬಾಯಿ ಮುಚ್ಕೊಂಡು ಸುಮ್ಮಗಿರ್ತಿದ್ದೆ. ಡಬ್ಬಿ ಸಿಕ್ತು, ಯಾರಿಗೂ ಗೊತ್ತಿಲ್ಲ. ಆದ್ರೆ ನಡುವೆ ನಾನೊಂದು ಕೆಟ್ಟ ಕೆಲ್ಸ ಮಾಡ್ಬುಟ್ಟೆ. ನಂಗೆ ದಿನಾ ವೇದ ಓದಕ್ಕೆ ಬತ್ತದಲ್ಲ ಕೂಸು, ಅದ್ರ ಮೇಲೆ ಅನುಮಾನ ಪಟ್ಟೆ. ಒಸಬ್ರು, ಯಾವೂರೋ ಏನೋ ಅಂದ್ಕೊಂಡೆ. ಅದ್ರ ಕೈ ಮೂಸಿ ನೋಡ್ದೆ. ನೀರು ಕುಡಿಯಕ್ಕೆ ಕಳ್ಸಿ ಚೀಲ ತಡಕ್ದೆ. ಕೇಳಿದ್ರಾ? ದೇವರ ಮಾತು ಓದಿ ಮುಗ್ಸಿತ್ತು ಆಗತಾನೆ. ಆ ಮಗೀನ ಚೀಲಕ್ಕೆ ಕೈ ಹಾಕ್ದೆ."

ಈಗ ಯಾರೂ ನಗಲಿಲ್ಲ.

ಅಜ್ಜಿ ತಲೆಯನ್ನು ಅತ್ತ ಇತ್ತ ತಿರುಗಿಸಿದರು. "ಮಣೀ, ಎಲ್ಲಿ ಕುಂತಿದ್ದೀಯ? ನಂಗೆ ಕಾಣಾಕಿಲ್ಲ. ಒಂದು ಸಲ ಕೂಗವ್ವ. ನಿನ್ನ ಕಡೆ ತಿರುಗಿ ಕೇಳ್ಬೇಕು."

ಅವ್ವನ ಕೈ ಮಣಿಯ ಬೆನ್ನ ಮೇಲೆ ಬಂತು. ಮಣಿ ಎದ್ದು ನಿಂತಳು.

"ಇಲ್ಲಿದ್ದೀನಿ ಅಜ್ಜಿ."

ಅಜ್ಜಿ ಆ ದನಿಯ ಕಡೆಗೆ ತಿರುಗಿದರು. ಅವರ ಮಬ್ಬುಗಣ್ಣು ಮಣಿಯ ಮುಖವನ್ನು ಮುಟ್ಟಲಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡುತ್ತಿತ್ತು. ಅಲ್ಲಿಗೇ ಕೈ ಮುಗಿದರು.

"ತಪ್ಪಾಯ್ತು ಕಣವ್ವ."

ಅಂದು ಅಪ್ಪನ ಪಕ್ಕದಿಂದ ಎದ್ದ ಹಾಗೆ ಈಗ ಅಜ್ಜಿಯ ಪಕ್ಕದಿಂದಲೂ ಎಲ್ಲರೂ ಎದ್ದು ಹೋಗುತ್ತಾರೆ ಎಂದು ಮಣಿ ನೋಡುತ್ತಿದ್ದಳು. ಯಾರೂ ಹೋಗಲಿಲ್ಲ. ಒಬ್ಬ ಹೆಂಗಸು ಅಜ್ಜಿಯ ರಟ್ಟೆ ಹಿಡಿದು ಕೂರಿಸಿದಳು. ಇನ್ನೊಬ್ಬಳು ಹತ್ತಿರ ಸರಿದು ಅವರ ಕಣ್ಣು ಒರೆಸಿದಳು.

ಅಜ್ಜಿ ಸೊಂಟದಿಂದ ಡಬ್ಬಿ ತೆಗೆದು ಮುಂದೆ ಚಾಚಿದರು. "ಉಪದೇಸಿಗಳೇ, ಇದ್ನ ನೀವೇ ಇಟ್ಕಳಿ."

"ನಾನಾ? ನಾನೂ ಕಲ್ತುಬಿಟ್ರೆ ಸಭೆ ಗತಿ ಏನಜ್ಜಿ?" ಎಂದರು ಉಪದೇಶಿಗಳು. "ಡಬ್ಬಿ ಯಜಮಾನ್ರು ಕೊಟ್ಟದ್ದು, ನಿಮ್ಮ ಹತ್ರಾನೇ ಇರ್ಲಿ. ಒಳಗಿರೋದನ್ನ ಹಿತ್ಲಿಗೆ ಸುರೀರಿ. ಬೇರೆ ಯಾರಾದ್ರೂ ಸಾಕ್ಷಿ ಹೇಳ್ತೀರಾ?"

ಮಣಿ ಕೂರುವುದನ್ನು ಮರೆತು ನಿಂತೇ ಇದ್ದಳು. ಎಲ್ಲರೂ ಅವಳನ್ನೇ ನೋಡಿದರು.

"ಹೇಳಮ್ಮ," ಎಂದರು ಉಪದೇಶಿಗಳು.

ನಿನ್ನೆಯಿಂದ ಕಟ್ಟಿ ಇಟ್ಟುಕೊಂಡಿದ್ದ ಮಾತಿಗೆ ಈಗ ಕೆಲಸವೇ ಇರಲಿಲ್ಲ. ಇಲ್ಲಿ ಸಾಕ್ಷಿ ಅಂದರೆ ಬೇರೆಯವರ ಮೇಲೆ ಹೇಳುವುದಲ್ಲ. ಹಾಗಾದರೆ ತನ್ನ ಹತ್ತಿರ ಏನಿದೆ? ಇತ್ತು.

"ನಾನೂ ಅಜ್ಜಿ ಮೇಲೆ ಅನುಮಾನ ಪಟ್ಟೆ," ಎಂದಳು ಮಣಿ. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು. "ಅಜ್ಜಿ ಮೇಲೆ ಹೇಳಕ್ಕೆ ಅಂತ ಒಂದು ಮಾತು ಇಟ್ಕೊಂಡು ಬಂದಿದ್ದೆ. ನಿನ್ನೆ ಹೊಟ್ಟೆನೋವು ಅಂದಿದ್ದೂ ಸುಳ್ಳು. ಅಷ್ಟೇ."

"ಏನು ಮಾತಮ್ಮಿ? ನಶ್ಯದ್ದಾ?" ಅಜ್ಜಿ ಕೂತಲ್ಲಿಂದಲೇ ಕೇಳಿದರು.

"ಹೂಂ."

"ಅಯ್ಯೋ ಕಳ್ಳೀ, ನಿಂಗೆ ಗೊತ್ತಿತ್ತಾ?"

ಚರ್ಚಿನ ಹೆಂಚು ಹಾರುವ ಹಾಗೆ ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಪ್ಪ ಇಷ್ಟು ಜನರ ನಡುವೆ ನಕ್ಕದ್ದನ್ನು ಮಣಿ ನೋಡಿ ಎಷ್ಟು ದಿನವಾಗಿತ್ತೋ. ಅದೇ 'ಕಳ್ಳಿ' ಅನ್ನುವ ಮಾತಿಗೆ ಅವಳು ಇಷ್ಟೂ ದಿನ ಹೆದರಿ ಸತ್ತಿದ್ದಳು. ಈಗ ಅದು ಕಚಗುಳಿ ಇಟ್ಟ ಹಾಗಿತ್ತು.

ಸಂಜೆ ಮಣಿ ಅಜ್ಜಿಯ ಮನೆಗೆ ಹೋದಾಗ ಅವರು ಮಡಕೆ ಚೂರೊಂದನ್ನು ಹಿಡಿದು ಹೊರಟಿದ್ದರು.

"ಒಲೆ ಆರೋಗದ ಕಣಮ್ಮಿ. ಪಕ್ಕದ್ಮನೆ ಯಶೋದಮ್ಮನ ಅತ್ರ ಒಂದು ಕೆಂಡ ಈಸ್ಕೊಂಡು ಬತ್ತೀನಿ. ನೀನು ಒಳಗೆ ಕುಂತಿರು."

ಗೋಡೆ ಸವರಿಕೊಂಡು ಅಜ್ಜಿ ಹೊರಗೆ ಹೋದರು. ಮಣಿ ಒಬ್ಬಳೇ ಉಳಿದಳು.

ವಿಚಿತ್ರವೆಂದರೆ, ಇಷ್ಟು ದಿನ ಬಂದುಹೋಗುತ್ತಿದ್ದರೂ ಆ ಮನೆಯನ್ನು ಅವಳು ನೋಡಿಯೇ ಇರಲಿಲ್ಲ. ಹೊಸಬರು ಬೇರೆಯವರ ಮನೆಯಲ್ಲಿ ಕಣ್ಣಾಡಿಸಿದರೆ ಏನಂದುಕೊಳ್ಳುತ್ತಾರೋ ಎಂದು ಬಂದವಳೇ ತಲೆ ತಗ್ಗಿಸುತ್ತಿದ್ದಳು, ಓದುತ್ತಿದ್ದಳು, ಹೋಗುತ್ತಿದ್ದಳು.

ಅವಳು ತಲೆ ಎತ್ತಿದಳು. ಗೂಡಿನಲ್ಲಿ ಒಂದು ಹಲ್ಲುಮುರಿದ ಬಾಚಣಿಗೆ. ಗಳುವಿನ ಮೇಲೆ ಕೆಂಪು ಕಂಬಳಿ. ಮಣಿ ಎದ್ದು ಓಡಾಡಿದಳು. ಮಡಕೆಗಳ ಸಾಲನ್ನು ಬೆರಳಿನಿಂದ ಮುಟ್ಟಿದಳು. ಬಾಗಿಲ ಹಿಂದಿನ ಗೋಡೆಯ ಮೇಲೆ ಹಳೆಯ ಫೋಟೋ ಒಂದಿತ್ತು. ಅದರಲ್ಲಿ ಪೇಟ ಕಟ್ಟಿದ, ದೊಡ್ಡ ಮೀಸೆಯ ಯಜಮಾನರೊಬ್ಬರು ಕುರ್ಚಿಯಲ್ಲಿ ಕುಳಿತಿದ್ದರು. ಅವರ ತೊಡೆಯ ಮೇಲೆ, ಅಷ್ಟೇ ಗತ್ತಿನಿಂದ, ಒಂದು ಹುಂಜ ಕುಳಿತಿತ್ತು!

ಹೊರಗೆ ಅಜ್ಜಿಯ ಹೆಜ್ಜೆ ಸದ್ದಾಯಿತು. ಮಣಿ ಜಾಗಕ್ಕೆ ಓಡಿ ಹೋಗಿ ಕೂರಲಿಲ್ಲ. ಫೋಟೋದ ಮುಂದೆ ನಿಂತುಕೊಂಡೇ ಕೂಗಿದಳು.

"ಅಜ್ಜೀ, ತಾತ ಫೋಟೋಗೆ ಹುಂಜ ಯಾಕೆ ಹಿಡ್ಕೊಂಡು ಕೂತಿದ್ರು?"