ಹೊನ್ನಳಿಕೆಯ ಕಾಲುವೆ

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಹೊನ್ನಳಿಕೆ ಎಂಬ ರಾಜ್ಯವಿತ್ತು. ಅದರ ರಾಜಧಾನಿಯ ನಡುವೆ ಸಾವಿರ ವರ್ಷ ಹಳೆಯ ಕಾಲುವೆ ಹರಿಯುತ್ತಿತ್ತು. ಅದನ್ನು ನೋಡಲೆಂದೇ ದೂರದ ಗಿರಿದುರ್ಗದ ರಾಜಕುಮಾರ ನನ್ನಿದೇವ ಬಂದ.

ಚಂದಬ್ಬೆ ಎಂಬ ಅಂಬಿಗಿತ್ತಿ ಅವನನ್ನು ದೋಣಿಗೆ ಹತ್ತಿಸಿಕೊಂಡಳು. ದಡದುದ್ದಕ್ಕೂ ಹುಟ್ಟು ಹಿಡಿದ ಕಲ್ಲಿನ ಅಂಬಿಗರು ನಿಂತಿದ್ದರು.

"ಎಂಥ ಕೆತ್ತನೆ!" ಎಂದ ನನ್ನಿದೇವ.

"ಸೇತುವೆಗಳ ಕೆಳಗೆ ಮೊಸಳೆ ಪ್ರಶ್ನೆ ಕೇಳುತ್ತದೆ. ನಿಜವನ್ನೇ ಹೇಳಿ ಒಡೆಯಾ" ಎಂದಳು ಚಂದಬ್ಬೆ. "ಇದಕ್ಕಿಂತ ಹೆಚ್ಚು ಹೇಳಲು ಈ ಕಾಲುವೆಯನ್ನು ಹಿಡಿದಿಟ್ಟಿರುವ ಮಾಂತ್ರಿಕ ನಮ್ಮ ನಾಲಗೆಯನ್ನು ಬಿಟ್ಟಿಲ್ಲ."

ಮೊದಲ ಸೇತುವೆ ಬಂತು. ಪಾಚಿ ಹಿಡಿದ ಮೊಸಳೆ ತಲೆಯೆತ್ತಿತು. "ಯುದ್ಧದಲ್ಲಿ ಬೆನ್ನು ತೋರಿಸಿದ್ದೀಯಾ?"

ದಡದ ಮೆಟ್ಟಿಲುಗಳ ಮೇಲೆ ನಿಂತು ಜನ ನೋಡುತ್ತಿದ್ದರು. "ಇಲ್ಲ" ಎಂದ ನನ್ನಿದೇವ. ಚಂದಬ್ಬೆಯ ಪಾದಗಳು ಕಲ್ಲಾದವು. ಸೇತುವೆಯ ಚಿತ್ರಗಳನ್ನು ನೋಡುತ್ತಿದ್ದ ಅವನಿಗೆ ಅದು ಕಾಣಲಿಲ್ಲ.

ಎರಡನೆಯ ಸೇತುವೆ ಬಂತು. "ಕಣಿವೆಯ ಕದನ ಗೆದ್ದವರು ಯಾರು?"

"ನಾನೇ."

ದೋಣಿ ನಿಂತಿತು. ತಿರುಗಿ ನೋಡಿದರೆ ಚಂದಬ್ಬೆ ಸೊಂಟದವರೆಗೆ ಕಲ್ಲು! ಸೇತುವೆಯ ಮೇಲೆ ಕುಳಿತ ಮಾಂತ್ರಿಕ ಗಹಗಹಿಸಿದ: "ಬಂದವರು ಸುಳ್ಳು ಹೇಳುತ್ತಾರೆ, ತಂದವರು ಕಲ್ಲಾಗುತ್ತಾರೆ. ಆ ಸುಳ್ಳೇ ನನ್ನ ಉಸಿರು!"

ದಡದ ಕಲ್ಲುಗಳು ಏನೆಂದು ನನ್ನಿದೇವನಿಗೆ ಆಗ ತಿಳಿಯಿತು.

"ನನ್ನನ್ನು ಯಾಕೆ ಬೈಯುತ್ತಿಲ್ಲ, ತಾಯಿ?"

"ಬೈದರೆ ಕಾಲು ಬರುತ್ತದಾ? ಹುಟ್ಟು ಹಾಕಿ."

ಅವನು ಹುಟ್ಟು ಹಾಕಿದ. ಮೂರನೆಯ ಸೇತುವೆ ಬಂತು. "ಆ ದಿನ ನೀನು ಎಲ್ಲಿದ್ದೆ?"

ನನ್ನಿದೇವ ಹುಟ್ಟು ಕೆಳಗಿಟ್ಟ. "ಕಣಜದಲ್ಲಿ ಅಡಗಿದ್ದೆ. ನನ್ನ ಸೇನಾನಿ ಚಾಗಿ ಬಾಗಿಲು ಬಡಿದು ಕರೆದ. ನಾನು ಉಸಿರು ಬಿಗಿಹಿಡಿದು ಕುಳಿತೆ. ಅವನು ಗೆದ್ದ, ಗೆದ್ದು ಸತ್ತ. ಗೆದ್ದವನು ನಾನೆಂದು ಹೇಳಿಕೊಂಡೆ."

"ಗಟ್ಟಿಯಾಗಿ" ಎಂದಿತು ಮೊಸಳೆ.

ಮತ್ತೆ ಹೇಳಿದ. ಮೂರನೆಯ ಸಲ ಇಡೀ ಊರಿಗೆ ಕೇಳುವಂತೆ ಹೇಳಿದ.

ಮಾಂತ್ರಿಕನ ಉಸಿರು ನಿಂತಿತು. ಅವನು ಬೂದಿಯಾಗಿ ನೀರಿಗೆ ಉದುರಿದ. ಕಲ್ಲಿನ ಅಂಬಿಗರು ಮೈಮುರಿದು ಎದ್ದರು, ಚಂದಬ್ಬೆ ಕಾಲು ಝಾಡಿಸಿ ನಿಂತಳು. ಜನ ಜಯಕಾರ ಹಾಕಿದರು. ನನ್ನಿದೇವ ತಲೆಯೆತ್ತಲಿಲ್ಲ.

ಅಂದಿನಿಂದ ಹೊನ್ನಳಿಕೆಯಲ್ಲಿ ಎಲ್ಲರೂ ನಕ್ಕು ನಲಿದು ಬಾಳಿದರು. ನನ್ನಿದೇವ ಮಾತ್ರ ನೇರವಾಗಿ ತನ್ನೂರಿಗೆ ಹೋಗಿ, ಚಾಗಿಯ ತಾಯಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಆಕೆ ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನನ್ನ ಮಗ ಹೇಗೆ ಕಾದಿದ? ಅದನ್ನಾದರೂ ಹೇಳು" ಎಂದಳು.

"ಗೊತ್ತಿಲ್ಲ, ತಾಯಿ" ಎಂದ ನನ್ನಿದೇವ. "ನಾನು ನೋಡಲಿಲ್ಲ."