ಹಾಲುಹಲ್ಲು ಬೀಳದ ಹುಡುಗಿ

ಬೇಸಿಗೆ ಶುರುವಾಗಿತ್ತು. ಉಣ್ಣೆ ಕತ್ತರಿಸುವ ದಿನ. ದೊಡ್ಡಿಯ ತುಂಬ ಕತ್ತರಿಗಳ ಸದ್ದು. ಅವಳು ಒಂದೊಂದೇ ಕುರಿಯನ್ನು ಹಿಡಿದು ತುಟಿ ಬಿಡಿಸುತ್ತಿದ್ದಳು; ಹೊಸದಾಗಿ ಬಂದಿದ್ದ ದನದ ಡಾಕ್ಟರು ಕೆಳಗಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ.

“ಎರಡು ದೊಡ್ಡ ಹಲ್ಲು. ವರ್ಷ ದಾಟಿದೆ... ಇದು ಬರೀ ಹಾಲುಹಲ್ಲು. ಇನ್ನೂ ಮರಿ.”

ಅಷ್ಟರಲ್ಲಿ ಟಗರೊಂದು ಅವನ ಮೊಣಕಾಲಿಗೆ ಗುದ್ದಿತು. ಡಾಕ್ಟರು ಹಿಕ್ಕೆಯ ಮೇಲೆ ಕೂತೇಬಿಟ್ಟ!

ಅವಳಿಗೆ ನಗು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈ ಕುರಿಯ ಮೇಲಿದ್ದವು.

ಅವನು ಕೂತಲ್ಲಿಂದಲೇ ಅವಳ ಬಾಯಿ ನೋಡಿದ.

“ಅರೆ, ಹಾಲುಹಲ್ಲು!”

ಕತ್ತರಿಗಳು ನಿಂತವು. ಆಮೇಲೆ ದೊಡ್ಡಿಗೆ ದೊಡ್ಡಿಯೇ ನಕ್ಕಿತು.

“ಹಾಗಾದ್ರೆ ಇವಳೂ ಮರಿ ಅನ್ನಿ ಡಾಕ್ಟ್ರೇ!”

ಅವಳಿಗೆ ಇಪ್ಪತ್ತಾರು ದಾಟಿದರೂ ಕೆಳಗಿನ ನಡುವಿನ ಎರಡು ಹಾಲುಹಲ್ಲು ಬಿದ್ದಿರಲಿಲ್ಲ. ಅವುಗಳ ಜಾಗಕ್ಕೆ ಬರಬೇಕಾದ ಹಲ್ಲು ಹುಟ್ಟಿರಲೇ ಇಲ್ಲ. ಮನೆಯವರಿಗಷ್ಟೇ ಗೊತ್ತಿದ್ದ ಸಂಗತಿ. ‘ಈ ಮನುಷ್ಯ ಒಂದೇ ಮಾತಲ್ಲಿ ಊರಿಗೆಲ್ಲ ಹಂಚಿದನಲ್ಲ!’

ಅಂದಿನಿಂದ ಅವಳು ಎಲ್ಲರ ಬಾಯಲ್ಲಿ ‘ಮರಿ’.

ಅವನೋ, ಗೊರಸು ನೋಡಬೇಕು, ಜಂತಿನ ಔಷಧಿ ಕುಡಿಸಬೇಕು ಅಂತ ಮತ್ತೆ ಮತ್ತೆ ಬಂದ. ಬಂದಾಗೆಲ್ಲ ಕಣ್ಣು ಅವಳ ಬಾಯಿಯ ಮೇಲೇ. ಅವಳು ತುಟಿ ಬಿಚ್ಚದೆ ‘ಹ್ಞೂಂ’, ‘ಊಹ್ಞೂಂ’ನಲ್ಲೇ ಮುಗಿಸುತ್ತಿದ್ದಳು.

“ಕುರಿಗೇನೂ ಆಗಿಲ್ಲ ಕಣೇ, ಡಾಕ್ಟ್ರಿಗೇ ಏನೋ ಆಗಿದೆ,” ಎಂದು ಅತ್ತಿಗೆ ನಕ್ಕಳು.

“ಹಾಗಾದ್ರೆ ಅವರಿಗೇ ಒಂದು ಸೂಜಿ ಚುಚ್ಚಿ ಕಳಿಸು!”

ಒಂದು ಸಂಜೆ ಅವನು ಅತ್ತಿಗೆಯ ಮುಂದೆ ನಿಂತು ಕೇಳಿಯೇಬಿಟ್ಟ. “ನಿಮ್ಮ ನಾದಿನಿಯನ್ನ ಮದುವೆ ಆಗ್ಬೇಕು ಅಂತಿದ್ದೀನಿ...”

ಅಲ್ಲೇ ಕುರಿಗಳಿಗೆ ಮೇವು ಹಾಕುತ್ತಿದ್ದ ಅವಳ ಕೈಯಿಂದ ಕಂತೆ ಕೆಳಗೆ ಬಿತ್ತು.

“ಹಲ್ಲು ನೋಡಿ ಆರಿಸಿದ್ರಾ? ನಾನೇನು ಸಂತೆ ಕುರೀನಾ?”

ಅವನು ಬಾಯಿಗೆ ಬೆರಳು ಹಾಕಿ ಸಣ್ಣ ತಗಡೊಂದನ್ನು ತೆಗೆದ. ಅದಕ್ಕೆ ಎರಡು ಕಟ್ಟಿಸಿದ ಹಲ್ಲು ಅಂಟಿಕೊಂಡಿದ್ದವು. ಮೇಲಿನ ಮುಂಬಲ್ಲುಗಳ ಅಕ್ಕಪಕ್ಕ ಎರಡು ಕಡೆ ಖಾಲಿ!

“ನನಗೂ ಹುಟ್ಟಲೇ ಇಲ್ಲ. ಬುದ್ಧಿಹಲ್ಲೂ ಇಲ್ಲ. ನನ್ನಂಥ ಇನ್ನೊಬ್ಬರನ್ನ ಅವತ್ತೇ ನೋಡಿದ್ದು... ಖುಷಿಗೆ ಬಾಯಿ ಜಾರಿತು.”

“ಬುದ್ಧಿಹಲ್ಲು ಇಲ್ಲ ಅಂತ ನಮಗೆ ಅವತ್ತೇ ಗೊತ್ತಾಯ್ತು ಬಿಡಿ,” ಎಂದಳು ಅತ್ತಿಗೆ.

ನಾದಿನಿ ನಗಲಿಲ್ಲ. “ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನಾಚಿಕೆ...”

“ನಿಮ್ಮದಾದ್ರೆ ನಾಚಿಕೆ. ನನ್ನದಾದ್ರೆ ಊರಿಗೆ ತಮಾಷೆ, ಅಲ್ವಾ?”

ಅವನ ಮುಖ ಬಾಡಿತು. “ಆ ಸಾಲ ಹೇಗೆ ತೀರಿಸ್ಲಿ, ಹೇಳಿ.”

“ಆ ಹಲ್ಲನ್ನ ಜೇಬಿಗೆ ಹಾಕ್ಕೊಂಡು ಬೀದಿಯುದ್ದಕ್ಕೂ ನಕ್ಕೊಂಡು ಹೋಗಿ!”

ಸಿಟ್ಟಿಗೆ ಅಂದದ್ದು. ಅವನು ನಿಜವಾಗಿಯೂ ಹೊರಟ.

ಚಹಾ ಅಂಗಡಿಯ ಮುಂದೆ ನಿಂತು ಬಾಯಿ ತುಂಬ ನಕ್ಕ. “ಡಾಕ್ಟ್ರೇ, ಹಲ್ಲು ಎಲ್ಲಿ ಬೀಳಿಸ್ಕೊಂಡ್ರಿ?” ಎಂದು ಯಾರೋ ಕೂಗಿದರು. ಅವನ ಕಿವಿ ಕೆಂಪಾದವು. ಆದರೂ ನಗುತ್ತಲೇ ಮುಂದೆ ನಡೆದ.

‘ಅಯ್ಯೋ, ಈ ಪೆದ್ದನನ್ನು ಏನು ಮಾಡಲಿ!’ ದೊಡ್ಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಓಡಿಹೋಗಿ ಅವನ ತೋಳು ಹಿಡಿದಳು.

“ಸಾಕು, ನಿಲ್ಲಿ!”

“ಸಾಲ ತೀರಿತಾ?”

“ಅರ್ಧ.” ಅವಳ ದನಿ ತಗ್ಗಿತು. “ನಾಳೆ ನಮ್ಮ ಮಕ್ಕಳಿಗೂ ಹೀಗೇ ಆದ್ರೆ...?”

“ಆಗಬಹುದು. ಯಾರಾದ್ರೂ ನಕ್ಕರೆ, ಮೊದಲು ನನ್ನ ಬಾಯಿ ತೋರಿಸ್ತೀನಿ.”

ಅವಳ ಕಣ್ಣು ತುಂಬಿ ಬಂತು.

“ಬನ್ನಿ, ಅಣ್ಣ ಹೊಲದಿಂದ ಬರೋ ಹೊತ್ತಾಯ್ತು. ಅವರನ್ನೂ ಕೇಳ್ಬೇಕಲ್ಲ.”

“ಹಲ್ಲು ಹಾಕ್ಕೊಳ್ಳಲಾ?”

“ಬೇಡ. ಹೀಗೇ ಬನ್ನಿ...”