ಸಮವಸ್ತ್ರ ಒಲ್ಲೆ ಅಂದವನು

"ರೀ, ಈ ಬ್ಯಾನರ್ ಜರಾ ಹಿಡೀರಿ! ಗಾಳಿಗೆ ಹಾರಿಹೋಗ್ತೈತಿ!"

ನಿಶ್ಚಿತಾ ಬೆಚ್ಚಿಬಿದ್ದಳು. ಜರ್ಮನಿಯ ರೇಗನ್ಸ್‌ಬರ್ಗಿನ ಕಲ್ಲುಸೇತುವೆಯ ಮೇಲೆ, ಇರಾಕ್ ಯುದ್ಧ ಬೇಡವೆಂದು ಕೂಗುತ್ತಿದ್ದ ಗುಂಪಿನ ನಡುವೆ... ಧಾರವಾಡದ ಕನ್ನಡ!

ಮೊಬೈಲಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದ ಅವಳ ಮೈಸೂರು ಕನ್ನಡ ಅವನ ಕಿವಿಗೆ ಬಿದ್ದಿತ್ತು.

"ನಾನು ಐಟಿ ಕೆಲಸದ ಗ್ರೀನ್ ಕಾರ್ಡ್ ಮೇಲೆ ಬಂದವಳು... ಪೊಲೀಸರು ನೋಡಿದ್ರೆ?"

"ನೋಡಲಿ ಬಿಡ್ರಿ!" ಅಂತ ನಕ್ಕ.

ಆ ನಗುವಿಗೆ ಅವಳು ಸೋತಳು.

ಅವನ ಹೆಸರು ಬಸವ, ಹುಟ್ಟಿದ್ದು ಇಲ್ಲೇ. ಅಪ್ಪ ಚನ್ನಮಲ್ಲಪ್ಪ ಕಾರ್ ಫ್ಯಾಕ್ಟರಿಯ ಇಂಜಿನಿಯರ್. ಬಸವ ಹೈಸ್ಕೂಲಿನಲ್ಲೇ ಯುದ್ಧದ ಟ್ಯಾಂಕ್ ಹೊತ್ತ ರೈಲು ತಡೆಯಲು ಹಳಿ ಮೇಲೆ ಕೂತ ಹುಡುಗ. ಇಲ್ಲಿನ ಪ್ರಜೆಗಳಿಗೆ ಕಡ್ಡಾಯವಾದ ಸೈನ್ಯದ ಕರೆ ಬಂದಾಗ ಒಲ್ಲೆ ಅಂದ. ಬದಲಿಗೆ ಆಸ್ಪತ್ರೆ ಸೇವೆ ಕೊಟ್ಟರೆ ಅದೂ ಒಲ್ಲೆ!

"ರೋಗಿಗಳ ಸೇವೆ ತಾನೇ ಬಸವ?"

"ನಾನಾಗೇ ಮಾಡ್ತೀನಿ. ಬಂದೂಕಿನ ಬದಲಿ ಅಂತ ಮಾಡೂದಿಲ್ಲ."

ಬೇಸಿಗೆಯಲ್ಲಿ ಅವನ ಫೋನ್ ನಿಂತುಹೋಯಿತು. ಮನೆಗೆ ಹೋದರೆ ಚನ್ನಮಲ್ಲಪ್ಪ ಅರ್ಧ ಬಾಗಿಲು ತೆರೆದರು.

"ಅವನ ಹೆಸರು ಎತ್ತಬ್ಯಾಡ. ಇಲ್ಲಿ ಬರಲೂ ಬ್ಯಾಡ."

ಅಂದ್ರೆ... ನಾನು ಬೇಡವಾದೆನಾ?

ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳ ಕಂಪನಿಯೂ ಬಾಗಿಲು ಹಾಕುತ್ತಿತ್ತು; ಕೆಲಸವಿಲ್ಲದೆ ಇಲ್ಲಿ ಇರುವಂತಿಲ್ಲ. ಮೈಸೂರಿಗೆ ಟಿಕೆಟ್ ತೆಗೆಸಿದಳು.

ಬಸವನ ತಾಯಿ ಬಸಲಿಂಗವ್ವ ಒಂದು ಸಂಜೆ ಅವಳ ಮನೆಗೇ ಬಂದರು.

"ಬಸವನ್ನ ಮಿಲಿಟರಿಯವ್ರು ಹಿಡಕೊಂಡು ಹೋಗ್ಯಾರವ್ವಾ... ನಿನ್ನ ವೀಸಾಕ್ಕ ತ್ರಾಸ ಆಗ್ತೈತಿ, ಹೇಳಬ್ಯಾಡ್ರಿ ಅಂದಿದ್ದ."

ಅವಳು ಸೈನ್ಯದ ಬಂಧನಕೋಣೆಗೆ ಹೋದಳು. ಬಸವ ಸೊರಗಿದ್ದ. ಸಮವಸ್ತ್ರ ತೊಡು ಅಂತ ದಿನವೂ ಆಜ್ಞೆ. ಒಲ್ಲೆ ಅಂದರೆ ಮತ್ತೆ ಬಂಧನ.

"ಒಂದೇ ಸಲ ಹಾಕ್ಕೋ ಬಸವ! ನನಗೋಸ್ಕರ..."

ಅವನ ಕಣ್ಣು ತುಂಬಿತು. "ನೀ ಏನ್ ಕೇಳಿದ್ರೂ ಕೊಡ್ತಿದ್ದೆ... ಇದೊಂದು ಬಿಟ್ಟು."

ಅವನನ್ನು ಬಿಡಿಸುವ ಶಕ್ತಿ ಅವಳಿಗಿಲ್ಲ. ಇಲ್ಲೇ ಉಳಿಯುವ ದಾರಿಯೂ ಇಲ್ಲ. ಅವನು ಬಗ್ಗಿಬಿಟ್ಟರೆ, ಅವನು ತಾನು ಪ್ರೀತಿಸಿದ ಬಸವನೂ ಅಲ್ಲ...

"ತಪ್ಪಾಯ್ತು ಕಣೋ. ಕೇಳಬಾರದಿತ್ತು. ಹೊರಗೆ ಬಂದ ಮೇಲೆ?"

"ನನ್ನಂಥ ಹುಡುಗ್ರು ಇನ್ನೂ ಬರ್ತಾರ. ಅವರ ಜೋಡಿ ಕೋರ್ಟಿನಾಗ ನಿಲ್ತೀನಿ. ಇದು ಮುಗಿಯೂ ಕೆಲಸ ಅಲ್ಲ... ನೀ ಊರಿಗೆ ಹೋಗು ನಿಶ್ಚಿತಾ, ನನ್ನ ಮರ್ತಬಿಡು."

"ಹೋಗಲೇಬೇಕು, ಹೋಗ್ತೀನಿ. ಆದ್ರೆ ಮರೆಯಲ್ಲ! ನಿನ್ನನ್ನ ಪ್ರೀತಿಸ್ತೀನಿ!"

ಕಾವಲಿನವನು ಗಡಿಯಾರ ತೋರಿಸಿ ಎದ್ದು ನಿಂತ. ಬಸವ ಅವಳ ಬೆರಳು ಬಿಡಲಿಲ್ಲ.

"ಜೈಲಿಂದ ಬಂದ ಅಳಿಯ ಅಂದ್ರ ನಿಮ್ಮಪ್ಪ ಏನಂತಾರ?"

ಅಳುತ್ತಲೇ ನಕ್ಕಳು. "ಬೈತಾರೆ. ಆಮೇಲೆ ಊಟಕ್ಕೆ ಕೂರಿಸ್ತಾರೆ. ನೀನು ಬಾ... ಅಷ್ಟೇ."

"ತಡ ಆದ್ರ?"

"ಬೈಯೋರು ಇಬ್ಬರಾಗ್ತೀವಿ."